ಚಿತ್ರ ಬಂತು, ಶಬ್ದ ಬರಲಿಲ್ಲ

ಆ ಕಾಲಕ್ಕೆ ನಮ್ಮ ಬಾಗಲಗುಂಟೆಯ ಬೀದಿಯಲ್ಲಿ ಅರ್ಧಕ್ಕರ್ಧ ಮಕ್ಕಳ ಕೊರಳಲ್ಲಿ ಬೀಗದ ಕೈ ನೇತಾಡುತ್ತಿತ್ತು. ಅಪ್ಪ ಪೀಣ್ಯದ ಕಾರ್ಖಾನೆಯಲ್ಲಿ, ಅಮ್ಮ ಗಾರ್ಮೆಂಟ್ಸ್‌ನಲ್ಲಿ. ಶಾಲೆ ಬಿಟ್ಟು ಬಂದ ಮಕ್ಕಳು ತಾವೇ ಬೀಗ ತೆಗೆದು, ತಾವೇ ಬಡಿಸಿಕೊಂಡು ತಿಂದು, ತಾವೇ ಒಳಗಿನಿಂದ ಚಿಲಕ ಹಾಕಿಕೊಳ್ಳಬೇಕಿತ್ತು. ನಿಮ್ಮಲ್ಲಿ ಯಾರಾದರೂ ಹಾಗೆ ಬೆಳೆದಿದ್ದರೆ, ಆ ಕೀಲಿಯ ದಾರ ಬೆವರಿಗೆ ಕತ್ತಿನ ಹಿಂದೆ ಕಚ್ಚುತ್ತಿದ್ದದ್ದು ನೆನಪಿರಬಹುದು. ನನಗಂತೂ ಇದೆ.

ನಾನು ಐದನೇ ಕ್ಲಾಸಿನಲ್ಲಿದ್ದೆ. ಅಪ್ಪನ ಕಾರ್ಖಾನೆಗೆ ದೊಡ್ಡ ಆರ್ಡರು ಬಂದು, ಜೂನ್ ತಿಂಗಳಿಂದ ಅವನಿಗೆ ಬರೀ ಸೆಕೆಂಡ್ ಶಿಫ್ಟು. ಬೆಳಿಗ್ಗೆ ನಾನು ಶಾಲೆಗೆ ಹೊರಡುವಾಗ ಅವನು ಮುಸುಕು ಹೊದ್ದು ಮಲಗಿರುತ್ತಿದ್ದ. ಮೂರೂವರೆಗೆ ನಾನು ವಾಪಸು ಬರುವಷ್ಟರಲ್ಲಿ ಕೆಲಸಕ್ಕೆ ಹೋಗಿಯಾಗಿರುತ್ತಿತ್ತು. ಅವನು ಮನೆಗೆ ಬರುವ ಹೊತ್ತಿಗೆ ನನಗೆ ಗಾಢ ನಿದ್ದೆ. ಭಾನುವಾರಗಳೂ ಹೆಚ್ಚುಕಮ್ಮಿ ಓವರ್‌ಟೈಮಿಗೇ ಹೋಗುತ್ತಿದ್ದವು. ಅಪ್ಪ ಮನೆಗೆ ಬಂದು ಹೋದ ಎಂಬ ಗುರುತು ಸಿಗುತ್ತಿದ್ದದ್ದು ಬಚ್ಚಲಲ್ಲಿ ನೆನೆಹಾಕಿದ್ದ ಅಂಗಿಯಿಂದ. ಲೇತ್ ಮೆಷೀನಿಗೆ ಸುರಿಯುವ ಎಣ್ಣೆನೀರಿನ ವಾಸನೆ, ಅದರ ಮೇಲೆ ಬಟ್ಟೆ ಸೋಪಿನ ವಾಸನೆ.

ಅಮ್ಮ ಬರುವುದು ಸಂಜೆ ಆರೂವರೆಗೆ. ಬೀದಿಗೆ ಇಳಿಯಕೂಡದು ಎಂದು ಅವಳ ಕಟ್ಟಪ್ಪಣೆ. ಡಬ್ಬಿಯಲ್ಲಿ ತಣ್ಣಗಾದ ಚಿತ್ರಾನ್ನ ತಿಂದು, ತಾರಸಿಯ ಮೇಲೆ ಇಟ್ಟಿಗೆ ಚೂರಿನಿಂದ ಗೆರೆ ಎಳೆದು ಒಬ್ಬಳೇ ಕುಂಟೆಬಿಲ್ಲೆ ಆಡುತ್ತಿದ್ದೆ. ಮಳೆ ಬಂದರೆ ಒಳಗೆ ಕೂತು ಚೌಕಾಬಾರ. ಎರಡೂ ಕಡೆಯ ಕಾಯಿ ನನ್ನವೇ. ಹಾಗಿದ್ದೂ ಸೋತು ಅತ್ತಿದ್ದೇನೆ ಅಂದರೆ ನನ್ನ ಹಣೆಬರಹ ಎಂಥದ್ದು ನೋಡಿ. ಮನೆ ಹಿಂದಿನ ಶೆಡ್ಡಿನಲ್ಲಿ ತಗಡು ಒತ್ತುವ ಪ್ರೆಸ್ಸು ಒಂದೇ ಸಮನೆ ಬಡಿಯುತ್ತಿತ್ತು, ಅದು ನಿಂತರೆ ಕರೆಂಟು ಹೋಯಿತು ಎಂದು ಅರ್ಥ. ಹೆದರಿಕೆಯೇನೂ ಆಗುತ್ತಿರಲಿಲ್ಲ. ಮಾತಾಡಲು ಯಾರೂ ಇರಲಿಲ್ಲ, ಅಷ್ಟೇ.

ಆಷಾಢದ ಒಂದು ಭಾನುವಾರ ಅಪ್ಪನಿಗೆ ರಜೆ ಸಿಕ್ಕಿತು. ಬೆಳಿಗ್ಗೆಯೇ ಎಸ್.ಪಿ. ರೋಡಿಗೆ ಹೋಗಿ ಎರಡು ಚೀಲದ ತುಂಬ ಕಂಪ್ಯೂಟರಿನ ಬಿಡಿಭಾಗ ತಂದ. ಬೆಳ್ಳಿ ಬಣ್ಣದ ಕವರಿನೊಳಗೆ ಹೊಚ್ಚ ಹೊಸ ಬೋರ್ಡು, ಥರ್ಮಾಕೋಲಿನ ಚೂರು, ಪುಟ್ಟ ಪುಟ್ಟ ಸ್ಕ್ರೂಗಳು.

"ಇದು ಟಿ.ವಿ.ಗೆ ಹಾಕೋ ಕಂಪ್ಯೂಟ್ರು ಪುಟ್ಟಿ. ಸಿನಿಮಾ, ಹಾಡು, ನಿನ್ ಕಾರ್ಟೂನು, ಎಲ್ಲಾ ಇದ್ರೊಳ್ಗೇ ಇರತ್ತೆ. ಇನ್ಮೇಲೆ ಒಬ್ಳೇ ಇದೀನಿ ಅಂತ ಬೇಜಾರಾಗಲ್ಲ ನಿಂಗೆ," ಅಂದ.

"ಪೆಟ್ಗೆ ತರೋ ಬದ್ಲು ನೀವೇ ಒಂದಿನ ಸಂಜೆ ಮನೇಲಿರಿ," ಎಂದು ಅಮ್ಮ ಒಳಗಿನಿಂದ ಒಗ್ಗರಣೆಯ ಜೊತೆಗೇ ಮಾತನ್ನೂ ಸಿಡಿಸಿದಳು.

ಅಪ್ಪ ಜೋಡಿಸಿದ. ನಾನು ಅಂಗೈಯಲ್ಲಿ ಸ್ಕ್ರೂ ಹಿಡಿದು ಕೂತಿದ್ದೆ. ಅವನ ಕಾರ್ಖಾನೆಯ ರಿಪೇರಿ ವಿಭಾಗದಲ್ಲಿದ್ದ ಶಿವಶಂಕರ ಎಂಬ ಗೆಳೆಯ ಕಂಪ್ಯೂಟರನ್ನು ನಡೆಸುವ ಲಿನಕ್ಸ್ ಎಂಬ ಪ್ರೋಗ್ರಾಮಿನ ಸಿ.ಡಿ. ಕೊಟ್ಟಿದ್ದ. "ಇದು ಯಾರಪ್ಪನ ಆಸ್ತೀನೂ ಅಲ್ಲ, ಯಾರ್ ಬೇಕಾದ್ರೂ ಹಾಕ್ಕೋಬೋದು," ಎಂದು ಅಪ್ಪ ಹೆಮ್ಮೆಯಿಂದ ಹೇಳಿದ. ಸಂಜೆಯಷ್ಟರಲ್ಲಿ ಟಿ.ವಿ.ಯ ಪರದೆ ಬೆಳಗಿತು, ಒಂದು ಸಿನಿಮಾ ಕೂಡ ಓಡಿತು. ಆದರೆ ಎಲ್ಲರೂ ಬಾಯಿ ಆಡಿಸುತ್ತಿದ್ದರೇ ಹೊರತು ಮಾತು ಕೇಳುತ್ತಿರಲಿಲ್ಲ. ಅಪ್ಪ ತಲೆ ಕೆರೆದುಕೊಂಡು ಹೇಳಿದ: "ಈ ಬೋರ್ಡು ಹುಟ್ಟೋಕ್ ಮುಂಚೇನೇ ಈ ಸಿ.ಡಿ. ಹುಟ್ಟಿದೆ ಕಣೇ. ಅದಕ್ಕೆ ಇದ್ರ ಪರಿಚಯಾನೇ ಇಲ್ಲ."

ಅಷ್ಟಕ್ಕೆ ಅವನ ಭಾನುವಾರ ಮುಗಿಯಿತು.

ಮಾರನೆಯ ದಿನ ಶಾಲೆಯಿಂದ ಬಂದಾಗ ಟಿ.ವಿ. ಮುಂದೆ ಒಂದು ಉದ್ದನೆಯ ನೋಟ್‌ಬುಕ್ ಇತ್ತು. ಕಾರ್ಖಾನೆಯಲ್ಲಿ ಪ್ರತಿ ಮೆಷೀನಿಗೂ ಒಂದು ಲಾಗ್ ಬುಕ್ ಇರುತ್ತದೆ. ಒಂದು ಶಿಫ್ಟಿನವರು ಮೆಷೀನು ಹೇಗಿದೆ, ಏನು ಕೆಟ್ಟಿದೆ ಎಂದು ಬರೆದಿಟ್ಟು ಹೋಗುತ್ತಾರೆ. ಮುಂದಿನ ಶಿಫ್ಟಿನವರು ಅದನ್ನು ಓದಿ ಕೆಲಸ ಶುರು ಮಾಡುತ್ತಾರೆ. ಇಬ್ಬರೂ ಮುಖ ನೋಡದೇ ಹೋದರೂ ಕೆಲಸ ನಿಲ್ಲುವುದಿಲ್ಲ. ಅಪ್ಪ ಅದೇ ಪದ್ಧತಿಯನ್ನು ಮನೆಗೆ ತಂದಿದ್ದ. ಗೆರೆ ಎಳೆದು, ತಾರೀಖು, ದೋಷ, ಕಾರಣ, ಸಹಿ ಎಂದು ಮನೆ ಮಾಡಿದ್ದ. ಕೆಳಗೆ ದುಂಡಗೆ ಬರೆದಿದ್ದ:

"ಮೊದಲನೇ ಶಿಫ್ಟು ಅಪ್ಪ. ಚಿತ್ರ ಬಂತು, ಶಬ್ದ ಬರಲಿಲ್ಲ. ಎರಡನೇ ಶಿಫ್ಟು ಪುಟ್ಟಿ. ಕೆಳಗಿನ ಸಾಲನ್ನು ಟೈಪ್ ಮಾಡಿ, ಪರದೆ ಮೇಲೆ ಏನು ಬರುತ್ತದೋ ಅದನ್ನು ಹಾಗೇ ಬರೆಯುವುದು. ತಪ್ಪು ಮಾಡಿ ಬರೆದರೆ ಬೈಗುಳ ಇಲ್ಲ. ಬರೆಯದೆ ಮುಚ್ಚಿಟ್ಟರೆ ಇದೆ."

ಕನ್ನಡ ಮೀಡಿಯಮ್ಮಿನ ಹುಡುಗಿ ನಾನು. ಒಂದೇ ಬೆರಳಲ್ಲಿ ಇಂಗ್ಲಿಷ್ ಅಕ್ಷರ ಹುಡುಕಿ ಹುಡುಕಿ ಒತ್ತಿದೆ. ಪರದೆ ಒಂದು ಪುಟದಷ್ಟು ಉತ್ತರ ಕೊಟ್ಟಿತು. ಒಂದು ಪದವೂ ಅರ್ಥವಾಗದೆ ಅಷ್ಟನ್ನೂ ನಕಲು ಮಾಡಿ, ಕೊನೆಗೆ ಸಹಿಯ ಮನೆಯಲ್ಲಿ ಹೆಸರು ಬರೆದು ಅಡಿಗೆರೆ ಎಳೆದೆ. ಅದು ನನ್ನ ಜೀವನದ ಮೊದಲ ಸಹಿ.

ಹೀಗೆ ಶುರುವಾಯಿತು. ನಾನು ಬರೆದದ್ದನ್ನು ಅಪ್ಪ ಚೀಟಿಯಲ್ಲಿ ಇಳಿಸಿಕೊಂಡು ಹೋಗಿ ಶಿವಶಂಕರನಿಗೆ ತೋರಿಸುತ್ತಿದ್ದ. ಮನೆಯಲ್ಲಿ ಇಂಟರ್‌ನೆಟ್ ಇರಲಿಲ್ಲ. ಏನಾದರೂ ಬೇಕಿದ್ದರೆ ಶಿವಶಂಕರ ಪೆನ್‌ಡ್ರೈವಿಗೆ ಹಾಕಿಕೊಡುತ್ತಿದ್ದ, ಮಾರನೆಯ ದಿನ ಅದು ಪುಸ್ತಕದ ಕೆಳಗೆ ಇರುತ್ತಿತ್ತು. ಶಾಲೆ ಬಿಟ್ಟೊಡನೆ ಓಡೋಡಿ ಬರುತ್ತಿದ್ದೆ. ಚಿತ್ರಾನ್ನದ ಡಬ್ಬಿ ತೆರೆಯುವ ಮೊದಲು ಪುಸ್ತಕ ತೆರೆಯುತ್ತಿದ್ದೆ. ಮೆಲ್ಲಗೆ ದೋಷದ ಮನೆಯೊಳಗೆ ಬೇರೆ ಸುದ್ದಿಯೂ ನುಸುಳಿತು. "ಟೈಪ್ ಮಾಡಿದೆ, ಬರಲಿಲ್ಲ. ಇವತ್ತು ಕನ್ನಡ ಟೆಸ್ಟಲ್ಲಿ ಇಪ್ಪತ್ತಕ್ಕೆ ಹದಿನೆಂಟು" ಎಂದು ಬರೆದೆ. "ಶಬ್ದ ಇನ್ನೂ ಇಲ್ಲ. ಹದಿನೆಂಟಕ್ಕೆ ಶಭಾಷ್. ಉಳಿದೆರಡು ಎಲ್ಲಿ ಬಿತ್ತು?" ಎಂದು ಅಪ್ಪ ಬರೆದ. ಕಾರ್ಖಾನೆಯ ಜನರೇಟರ್ ಹಿಂದೆ ನಾಯಿ ನಾಲ್ಕು ಮರಿ ಹಾಕಿದ್ದು, ಕ್ಯಾಂಟೀನಿನ ವಡೆಯಲ್ಲಿ ಕಲ್ಲು ಸಿಕ್ಕಿದ್ದು, ಎಲ್ಲವೂ ನನಗೆ ಆ ಪುಸ್ತಕದಿಂದಲೇ ತಿಳಿದದ್ದು.

ಕೆಳಗಿನ ಮನೆಯ ಗೌರಮ್ಮಜ್ಜಿ ನಮ್ಮ ಓನರು. ಪೀಣ್ಯದ ಶೆಡ್ಡುಗಳು ಏಳುವ ಮೊದಲು ಅಲ್ಲೇ ರಾಗಿ ಬೆಳೆದ ಹೆಂಗಸು. ಒಂದು ಮಧ್ಯಾಹ್ನ ಬಾಗಿಲಲ್ಲಿ ನಿಂತು ಮಾತಿಲ್ಲದ ಸಿನಿಮಾ ನೋಡಿದಳು.

"ಇದ್ಯಾಕವ್ವ, ಎಲ್ರೂ ಮೂಗ್ರಂಗೆ ಆಡ್ತಾವ್ರೆ?"

"ಇನ್ನೂ ಶಬ್ದ ಬಂದಿಲ್ಲ ಅಜ್ಜಿ. ಅಪ್ಪ, ನಾನು ಸೇರಿ ರಿಪೇರಿ ಮಾಡ್ತಿದೀವಿ."

"ನಿಮ್ಮಪ್ಪ ಎಲ್ಲವ್ನೆ ಇಲ್ಲಿ?"

ನಾನು ಪುಸ್ತಕ ತೋರಿಸಿದೆ. ಅಜ್ಜಿಗೆ ಓದಲು ಬಾರದು. ಪುಟ ಸವರಿ ನೋಡಿ, ಒಂದು ಹಿಡಿ ಹುರಿಗಡಲೆ ಕೊಟ್ಟು ಇಳಿದು ಹೋದಳು.

ಶಬ್ದ ಬಂದದ್ದು ದಸರಾ ರಜೆಗೆ ನಾಲ್ಕು ದಿನ ಇರುವಾಗ. ಹೊಸ ಪೆನ್‌ಡ್ರೈವಿನ ಜೊತೆ ಅಪ್ಪ ಬರೆದಿದ್ದ: "ಇದನ್ನು ಹಾಕಿದ ಮೇಲೆ ಉದ್ದುದ್ದ ಪಟ್ಟಿಗಳು ಕಾಣುತ್ತವೆ. ಒಂದು ಪಟ್ಟಿಯ ಕೆಳಗೆ ಎರಡು ಎಂ ಇರುತ್ತದೆ. ಹಾಗೆಂದರೆ ಅದರ ಬಾಯಿ ಮುಚ್ಚಿದೆ. ಕೀಬೋರ್ಡಿನಲ್ಲಿ ಎಂ ಒತ್ತಿದರೆ ತೆರೆಯುತ್ತದೆ." ಒತ್ತಿದೆ. ಮನೆಯೆಲ್ಲ ತಮಟೆ ಬಡಿದಂತೆ ಹಾಡು ಹೊರಬಿತ್ತು. "ಬಂತೂ!" ಎಂದು ಕಿರುಚಿ ಕುಣಿದು ತಿರುಗಿ ನೋಡಿದೆ. ಮನೆಯಲ್ಲಿ ಯಾರೂ ಇರಲಿಲ್ಲ. ಪುಸ್ತಕದಲ್ಲಿ ಇಡೀ ಪುಟಕ್ಕೆ ದೊಡ್ಡದಾಗಿ "ಶಬ್ದ ಬಂತು" ಎಂದು ಬರೆದು ಸಹಿ ಹಾಕಿದೆ.

ಮಾರನೆಯ ದಿನ ಅಪ್ಪನ ಅಕ್ಷರ ಇತ್ತು: "ಶಭಾಷ್. ಯಂತ್ರ ಓಕೆ." ಅದರ ಮಾರನೆಯ ದಿನ ಏನೂ ಇರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಆಯುಧಪೂಜೆಗೆ ಪೆಟ್ಟಿಗೆಗೆ ಅರಿಶಿನ ಕುಂಕುಮ ಇಟ್ಟು, ಸೇವಂತಿಗೆ ಮುಡಿಸಿ, ಕಡ್ಲೆಪುರಿ ಹಂಚಿದೆವು. ಅಪ್ಪ ಅರ್ಧ ಗಂಟೆ ಇದ್ದು ಕಾರ್ಖಾನೆಯ ಪೂಜೆಗೆ ಹೊರಟುಹೋದ.

ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ. ನಾನೂ ಮೊದಲ ವಾರ ಇದ್ದಬದ್ದ ಸಿನಿಮಾ ಎಲ್ಲ ನೋಡಿದೆ. ಆಮೇಲೆ ಸಾಕಾಯಿತು. ಮನೆ ತುಂಬ ಜನ ಮಾತಾಡುತ್ತಿದ್ದರು, ಒಬ್ಬರೂ ನನ್ನ ಜೊತೆ ಮಾತಾಡುತ್ತಿರಲಿಲ್ಲ. ರಜೆ ಮುಗಿದ ಮೇಲೆ ದಿನವೂ ಶಾಲೆಯಿಂದ ಬಂದೊಡನೆ ಪುಸ್ತಕ ತೆರೆಯುತ್ತಿದ್ದೆ, ಅದೇ "ಯಂತ್ರ ಓಕೆ" ನೋಡಿ ಮುಚ್ಚುತ್ತಿದ್ದೆ. ಯಂತ್ರ ಓಕೆ ಆದದ್ದೇ ನನಗೆ ಶತ್ರುವಾಯಿತು.

ಒಂದು ದಿನ ಆ ಪಟ್ಟಿಗಳನ್ನು ಮತ್ತೆ ತೆರೆದು ಎಂ ಒತ್ತಿದೆ. ಬಾಯಿ ಮುಚ್ಚಿತು. ಪುಸ್ತಕದಲ್ಲಿ ಬರೆದೆ: "ಶಬ್ದ ನಿಂತಿದೆ. ಕಾರಣ ಗೊತ್ತಿಲ್ಲ." ಕೆಳಗೆ ಸಹಿ ಮಾಡಿದೆ. ಊಟ ಸೇರಲಿಲ್ಲ. ಅಮ್ಮ ಹಣೆ ಮುಟ್ಟಿ ನೋಡಿ, "ಜ್ವರ ಏನಿಲ್ವಲ್ಲ," ಅಂದಳು.

ಮಾರನೆಯ ದಿನ ಬೀಗ ತೆಗೆಯಲೂ ಭಯ. ತಪ್ಪಿನ ಎರಡನೇ ನಿಯಮ ನೆನಪಿತ್ತಲ್ಲ, ಮುಚ್ಚಿಟ್ಟರೆ ಬೈಗುಳ ಇದೆ. ಪುಸ್ತಕ ತೆರೆದೆ.

"ಯಂತ್ರ ಪರೀಕ್ಷೆ ಮಾಡಿದೆ. ಯಂತ್ರದಲ್ಲಿ ದೋಷ ಇಲ್ಲ. ಆಪರೇಟರ್ ಒಬ್ಬಳೇ ಇದ್ದಾಳೆ. ಇನ್ನು ಮುಂದೆ ದೋಷ ಇದ್ದರೂ ಇಲ್ಲದಿದ್ದರೂ ದಿನಾ ಬರೆಯುವುದು."

ಕೆಳಗೆ ಅಪ್ಪನ ಸಹಿ. ನಾನು ಬಿಕ್ಕಿ ಬಿಕ್ಕಿ ಅತ್ತೆ. ಅತ್ತು ಮುಗಿದ ಮೇಲೆ, "ಎಂ ಒತ್ತಿದ್ದು ನಾನೇ" ಎಂದು ಬರೆದೆ. ಅಪ್ಪ ಅದಕ್ಕೆ ಕೆಂಪು ಶಾಯಿಯಲ್ಲಿ ಒಂದು ಸರಿ ಗುರುತು ಹಾಕಿದ್ದ, ಅಷ್ಟೇ.

ಸಂಕ್ರಾಂತಿಯವರೆಗೆ ಬರೆದೆವು. ಆಮೇಲೆ ಅಪ್ಪನಿಗೆ ಜನರಲ್ ಶಿಫ್ಟು ಸಿಕ್ಕಿತು. ಸಂಜೆ ಮೂವರೂ ಒಂದೇ ಕೋಣೆಯಲ್ಲಿ ಕೂತು ಸಿನಿಮಾ ನೋಡುವಂತಾಯಿತು. ಎದುರಿಗೇ ಇರುವವರಿಗೆ ಬರೆಯುವುದೇನು ಎಂದು ಪುಸ್ತಕ ಮೂಲೆಗೆ ಹೋಯಿತು. ಬರೆದುಕೊಳ್ಳುತ್ತಿದ್ದ ಮಾತುಗಳನ್ನು ನಾವು ಎದುರು ಕೂತು ಆಡಲೇ ಇಲ್ಲ. ಟಿ.ವಿ. ಮಾತಾಡುತ್ತಿತ್ತಲ್ಲ.

ಈಗ ನಾನು ಊರಿನ ಆ ತುದಿಯ ಹೆಬ್ಬಗೋಡಿಯಲ್ಲಿ, ರಕ್ತಪರೀಕ್ಷೆಯ ಒಂದು ಲ್ಯಾಬಿನಲ್ಲಿ ಕೆಲಸ ಮಾಡಿಕೊಂಡು ಅಲ್ಲೇ ಮನೆ ಮಾಡಿದ್ದೇನೆ. ಅಪ್ಪ ಕೆಲಸ ಬಿಟ್ಟು ಮನೆಯಲ್ಲಿದ್ದಾನೆ. ಅಮ್ಮ ಬೀದಿ ಮೂಲೆಯಲ್ಲಿ ಬ್ಲೌಸ್ ಹೊಲಿಯುವ ಅಂಗಡಿ ಇಟ್ಟಿದ್ದಾಳೆ, ಅವಳು ಬರುವುದು ಇವತ್ತಿಗೂ ಆರೂವರೆಗೇ. ಹಳೆಯ ಪೆಟ್ಟಿಗೆ ಗುಜರಿಗೆ ಹೋಗಿ ಎಷ್ಟೋ ವರ್ಷವಾಯಿತು. ಪುಸ್ತಕ ಮನೆ ಬದಲಾಯಿಸುವಾಗ ಎಲ್ಲಿ ಹೋಯಿತೋ ಗೊತ್ತಿಲ್ಲ. ಹೋದ ದೀಪಾವಳಿಗೆ ನಾನೇ ಹೊಸ ಟಿ.ವಿ. ಕೊಡಿಸಿದೆ. ಎಲ್ಲವೂ ಅದರೊಳಗೇ ಇದೆ. ಅಂಗಡಿಯವರು ಗೋಡೆಗೆ ನೇತುಹಾಕಿ ಹತ್ತು ನಿಮಿಷದಲ್ಲಿ ಮುಗಿಸಿದಾಗ, ಸ್ಕ್ರೂಡ್ರೈವರ್ ಹಿಡಿದು ಕಾಯುತ್ತಿದ್ದ ಅಪ್ಪ, "ಇಷ್ಟೇನಾ?" ಅಂದಿದ್ದ.

ಮೊನ್ನೆ ಮಧ್ಯಾಹ್ನ ಅವನ ಫೋನು ಬಂತು. ಲ್ಯಾಬಿನಲ್ಲಿ ಜನ ಕಾಯುತ್ತಿದ್ದರು.

"ಪುಟ್ಟಿ, ಟಿ.ವಿ.ಲಿ ಚಿತ್ರ ಬರ್ತಿದೆ. ಶಬ್ದ ಬರ್ತಿಲ್ಲ ಕಣೇ."

"ಹಿಂದ್ಗಡೆ ವೈರ್ ಲೂಸಾಗಿರತ್ತೆ ಅಪ್ಪ. ತೆಗ್ದು ಮತ್ತೆ ಹಾಕು."

ನಾನು ಮುಂದಿನವರ ಚೀಟಿ ಕೈಗೆತ್ತಿಕೊಂಡೆ.

"ಹ್ಞಾ, ಹಾಕ್ದೆ. ಬಂತು ಬಂತು. ನೀನ್ ಕೆಲ್ಸ ನೋಡ್ಕೋ ಮಗಳೇ."

ಫೋನಿಟ್ಟು, ರಕ್ತ ತೆಗೆಯಲು ಅವರ ತೋಳಿಗೆ ಪಟ್ಟಿ ಕಟ್ಟಿದೆ. ಸಂಜೆ ಮನೆಗೆ ನಡೆದು ಬರುವಾಗ, ಫೋನೆತ್ತುವ ಮುನ್ನ ಲ್ಯಾಬಿನ ಗಡಿಯಾರ ನೋಡಿಕೊಂಡದ್ದು ನೆನಪಾಯಿತು. ಅಪ್ಪ ಫೋನು ಮಾಡಿದಾಗ ಸರಿಯಾಗಿ ಮೂರೂವರೆ, ನಾನು ಶಾಲೆಯಿಂದ ಬಂದು ಬೀಗ ತೆಗೆಯುತ್ತಿದ್ದ ಹೊತ್ತು. ಇನ್ನೊಂದೂ ನೆನಪಾಯಿತು. ಆ ಟಿ.ವಿ.ಗೆ ಕರೆಂಟಿನ ವೈರು ಬಿಟ್ಟರೆ ಬೇರೆ ವೈರೇ ಇಲ್ಲ. ತೆಗೆದು ಹಾಕುವಂಥದ್ದು ಹಿಂದೆ ಏನೂ ಇಲ್ಲ.

ಆಪರೇಟರ್ ಒಬ್ಬಳೇ ಇದ್ದಾಳೆ ಎಂದು ಅವನು ಅಂದು ಒಂದೇ ಬೆಳಗಿನಲ್ಲಿ ಗುರುತು ಹಿಡಿದು ಬರೆದಿಟ್ಟಿದ್ದ, ಅದೇ ದೋಷ ಮೊನ್ನೆ ನನ್ನ ಮುಂದೆಯೇ ಬಂದಿತ್ತು. ನಾನು ಎರಡು ನಿಮಿಷದಲ್ಲಿ ಯಂತ್ರ ಸರಿ ಮಾಡಿ ಫೋನಿಟ್ಟಿದ್ದೆ.