ತೊಟ್ಟಿಲು ತೂಗಿ ಅಧ್ಯಕ್ಷರನ್ನು ಆರಿಸಿದ ಮನ್ಮಥಪ್ಪ

ತಾಂಡೂರಿನಲ್ಲಿ ನಾಲ್ಕು ಜನ ಒಂದೆಡೆ ಕೂಡಬೇಕೆಂದರೆ ಮನ್ಮಥಪ್ಪ ಇರಲೇಬೇಕು. ಫರಸಿ ಕಲ್ಲಿನ ಗಣಿಯಲ್ಲಿ ಗುಮಾಸ್ತಿಕೆ ಅವನ ಹೊಟ್ಟೆಪಾಡು. ಜಮಖಾನ ಹಾಸಿ, ಯಾರ ಪಕ್ಕ ಯಾರು ಕೂತರೆ ಜಗಳವಾಗದು ಎಂದು ಯೋಚಿಸುವುದೇ ಅವನ ಬದುಕು.

ಆದರೆ ಅದು ನಿಜಾಮರ ಕಾಲ. ಸಭೆಗೆ ಸರ್ಕಾರದ ಇಜಾಜತು, ಎಂದರೆ ಪರವಾನಗಿ, ಬೇಕು. ಕನ್ನಡ ವಾಚನಾಲಯಕ್ಕೆ ಅಧ್ಯಕ್ಷರನ್ನು ಆರಿಸಬೇಕೆಂದು ಮನ್ಮಥಪ್ಪ ಉರ್ದುವಿನಲ್ಲಿ ಅರ್ಜಿ ಕೊಟ್ಟ. ಭಾಷಣವನ್ನು ಮೊದಲೇ ಬರೆದು ಕೊಡಿ ಎಂದು ಅದು ವಾಪಸು ಬಂತು. ಕೊಟ್ಟ. ಜನ ಎಲ್ಲೆಲ್ಲಿ ಚಪ್ಪಾಳೆ ತಟ್ಟುತ್ತಾರೆ, ಗುರುತು ಹಾಕಿ ಎಂದು ಮತ್ತೆ ಬಂತು. ಗುರುತೂ ಹಾಕಿದ. ಮೂರನೆಯ ಸಲ ಇಜಾಜತು ಸಿಕ್ಕೇಬಿಟ್ಟಿತು, ಕಳೆದುಹೋದ ಶುಕ್ರವಾರದ ತಾರೀಖಿಗೆ.

ಇತ್ತ ವಾಚನಾಲಯಕ್ಕೆ ಗೊತ್ತು ಮಾಡಿದ ಕೋಣೆಯ ಒಡೆಯ, ಸೋಮವಾರದೊಳಗೆ ಅಧ್ಯಕ್ಷರೇ ಬಂದು ಕೀಲಿ ಒಯ್ಯದಿದ್ದರೆ ತೊಗರಿ ಚೀಲ ತುಂಬುತ್ತೇನೆ ಎಂದಿದ್ದ. ಅಂದು ಶನಿವಾರ.

ತೊಟ್ಟಿಲ ಕಾರ್ಯಕ್ಕೆ ಇಜಾಜತು ಬೇಡವಲ್ಲ ಎಂದು ಮನ್ಮಥಪ್ಪನಿಗೆ ಹೊಳೆದದ್ದು ಆಗ. ಮನೆಯಲ್ಲಿ ಇನ್ನೂ ಹೆಸರಿಡದ ಮೊಮ್ಮಗಳಿದ್ದಳು.

“ಹತ್ತು ಗಂಡಸ್ರು ತೂಗಿದ್ರ ಕೂಸಿನ ತೆಲಿ ತಿರಗಂಗಿಲ್ಲೇನ್ರಿ, ಮಾವಾರ?” ಎಂದಳು ಸೊಸೆ ಶಾಂತಾಬಾಯಿ. ಕೂಸು ನಿದ್ದೆ ಮಾಡಿ ಮೂರು ದಿನವಾಗಿತ್ತು, ಅವಳೂ ಅಷ್ಟೇ. “ಎಲ್ಲರೂ ಕೈ ತೊಳ್ಕೊಂಡು ಬರ್ಬೇಕು. ಬೀಡಿ ಸೇದವ್ರು ಅಂಗಳದಾಗೇ ಇರ್ಲಿ.”

“ಬೀಡಿ ಸೇದದವ್ರು ಇಬ್ಬರೇ ಅದಾರವ್ವ. ಅಷ್ಟರಾಗ ಸಭಾ ಆಗಂಗಿಲ್ಲ.”

ಮರುದಿನ ಹತ್ತೂ ಸದಸ್ಯರು, ಅಧ್ಯಕ್ಷಗಿರಿಗೆ ನಿಂತ ಮಾಣಿಕಪ್ಪ, ನಾಮದೇವರೂ ಸೇರಿ, ಒದ್ದೆ ಕೈಯಲ್ಲಿ ತೊಟ್ಟಿಲ ಸುತ್ತ ಕೂತರು. ಗುಂಪು ಕಂಡು ಹಿಂದೆಯೇ ಪೊಲೀಸ್ ಜವಾನ ನರಸಿಂಹುಲು ಬಂದು ಗೋಡೆಗೊರಗಿದ.

“ಸೋದರತ್ತಿ ಎಲ್ಲ್ಯದಾಳ್ರಿ? ಎಲ್ಲಾ ಮೀಸಿಯವ್ರೇ ಕಾಣ್ತಾರಲ್ಲ.”

“ನಮ್ಮ ಮನಿತನದಾಗ ಗಂಡಸ್ರೇ ಜೋಗುಳ ಹಾಡ್ತಾರ್ರಿ, ಜಮಾದಾರ ಸಾಹೇಬ್ರ,” ಎಂದ ಮನ್ಮಥಪ್ಪ, ಜವಾನನಿಗೆ ಬಡ್ತಿ ಕೊಟ್ಟು.

ಹೇಳಿದ ಮೇಲೆ ಹಾಡಲೇಬೇಕು. “ಗಾದಿ ಏರಲಿ ನಮ್ಮ ಮಾಣಿಕಪ್ಪ, ಜೋ ಜೋ.” ಒಪ್ಪಿದವರು ಒಂದೊಂದು ಸಲ ತೂಗಬೇಕೆಂದು ಗುಟ್ಟಾಗಿ ಮಾತಾಗಿತ್ತು. ಐದು ಜನ ತೂಗಿದರು. “ಗಾದಿ ಏರಲಿ ನಮ್ಮ ನಾಮದೇವ, ಜೋ ಜೋ.” ಮತ್ತೈದು. ಸಭೆ ಕೂಡಿಸಿದವನು ಮತ ಹಾಕಬಾರದೆಂಬುದು ಮನ್ಮಥಪ್ಪನದೇ ನೇಮ. ಮತ್ತೊಮ್ಮೆ ಹಾಡಿಸಿದ, ಐದಕ್ಕೆ ಐದೇ. ಹಂಚಬೇಕಾದ ಗುಗ್ಗರಿ ಆರಿತು.

ಜವಾನನ ತಾಳ್ಮೆ ತೀರಿತು. “ಹಿಂಗ ತೂಗಿದ್ರ ಕೂಸು ಮಲಗತದೇನ್ರಿ? ಅತ್ತಾಗ ಸರೀರಿ.”

“ಕೈ ತೊಳೀರಿ,” ಎಂದಳು ಒಳಗಿನಿಂದ ಶಾಂತಾಬಾಯಿ.

ಅವನು ಕೈ ತೊಳೆದು, “ನಮ್ಮ ಮಾಣಿಕಪ್ಪ, ಜೋ ಜೋ,” ಎಂದು ನೆನಪಿದ್ದಷ್ಟು ಹಾಡಿ ಒಮ್ಮೆ ಮೆಲ್ಲಗೆ ತೂಗಿದ.

“ಆತು. ಗುಗ್ಗರಿ ಹಂಚ್ರಿ,” ಎಂದ ಮನ್ಮಥಪ್ಪ.

“ಜವಾನಂದು ಮತ ಹ್ಯಾಂಗ ಹಿಡೀತೀರಿ?” ಎಂದು ನಾಮದೇವ ಕಿವಿಯಲ್ಲಿ ಕೇಳಿದ.

“ಅವನ ಮುಂದೇ ಕೇಳ್ರಿ ಮತ್ತ.”

ನಾಮದೇವ ಗುಗ್ಗರಿ ತಿಂದ. ಜವಾನ, ಕೂಸಿನ ಹೆಸರು ಮಾಣಿಕಪ್ಪ ಎಂದು ವಹಿಯಲ್ಲಿ ಬರೆದುಕೊಂಡು ಹೋದ. ಸಂಜೆಯೊಳಗೆ ಅಧ್ಯಕ್ಷ ಮಾಣಿಕಪ್ಪ ಕೋಣೆಯ ಕೀಲಿ ತಂದ.

“ಹೆಣ್ಣುಕೂಸಿನ ಹೆಸರು ಠಾಣೆದಾಗ ಮಾಣಿಕಪ್ಪ ಅಂತ ಬಿತ್ತಲ್ರಿ, ಮಾವಾರ. ನಾಳಿ ಲಗ್ನದಾಗ ತಕರಾರು ಬಂದ್ರ?”

“ಇನ್ನೊಂದು ತೊಟ್ಟಿಲ ಕಾರ್ಯ ಮಾಡಿ ತಿದ್ದಸಮು ತಗೋವ್ವ. ಖಜಾಂಚಿನ ಆರಸೋದೂ ಅದ.”

ಶಾಂತಾಬಾಯಿ ತೊಟ್ಟಿಲಲ್ಲಿ ಇಣುಕಿದಳು. ಕೂಸು ಗಾಢ ನಿದ್ದೆಯಲ್ಲಿತ್ತು.

“ಹಂಗಾದ್ರ ನಾಳೆನೇ ಕರೀರಿ,” ಎಂದಳು. “ಕೈ ಮಾತ್ರ ತೊಳ್ಕೊಂಡು ಬರ್ಲಿ.”