ಬೆಲ್ಲದ ಮಂಡಿಯ ಮೇಲಿನ ಮನೆ

ಮೊನ್ನೆ ಹೆಂಡತಿ ಹೂರಣಕ್ಕೆಂದು ಬೆಲ್ಲದ ಮೇಲೆ ಕುದಿಯುವ ನೀರು ಸುರಿದಳು. ಆ ವಾಸನೆ ಪಡಸಾಲೆಗೆ ಬಂದದ್ದೇ, ಓದುತ್ತಿದ್ದ ಪತ್ರಿಕೆ ಮಡಿಸಿಟ್ಟು ಎದ್ದುಹೋದೆ. ಮೈಸೂರಿನ ಈ ಬೀದಿಯಲ್ಲಿ ಎರಡು ಸುತ್ತು ಹಾಕಿ ಬಂದರೂ ಅದು ಮೂಗು ಬಿಟ್ಟು ಹೋಗಲಿಲ್ಲ. ಬಿಸಿನೀರಿಗೆ ಬಿದ್ದ ಹಳೆಯ ಬೆಲ್ಲದ ವಾಸನೆ... ಮದ್ದೂರಿನ ನರ್ಸಮ್ಮನವರ ನೆನಪು.

ನೆನಪು ಎಂದೆ. ಅದನ್ನು ಎಷ್ಟರಮಟ್ಟಿಗೆ ನಂಬಬೇಕೋ ತಿಳಿಯದು. ಎರಡನೆಯ ಮಹಾಯುದ್ಧ ಶುರುವಾಗುವ ಹಿಂದಿನ ವರ್ಷದ ನನ್ನ ಡೈರಿಯಲ್ಲಿ ಆ ದಿನಕ್ಕೆ ಇರುವುದು ಒಂದೇ ಸಾಲು: ‘ಮಂಡಿಯಲ್ಲಿ ಬೆಲ್ಲ ನೆನೆಯಿತು.’ ಹೇಗೆ ನೆನೆಯಿತು, ಯಾರಿಂದ, ಬರೆದಿಲ್ಲ. ಸಾರಿಗೆ ಉಪ್ಪು ಕಡಿಮೆಯಾದದ್ದನ್ನೂ ಬಿಡದೆ ಬರೆಯುತ್ತಿದ್ದವನು ಅಂದು ಮಾತ್ರ ಏಕೆ ಕೈ ತಡೆದೆ?

ನಮ್ಮಪ್ಪನ ಬೆಲ್ಲದ ಮಂಡಿ ಸ್ಟೇಷನ್ ರಸ್ತೆಯಲ್ಲಿತ್ತು. ಕೆಳಗೆ ವ್ಯಾಪಾರ, ಮೇಲೆ, ಕಟ್ಟಡದ ಉದ್ದಕ್ಕೂ ಹಲಗೆ ಹಾಸಿದ ಅಟ್ಟ. ಮೊದಲೆಲ್ಲ ಬೆಲ್ಲದ ಮೂಟೆಗಳನ್ನು ರಾಟೆ ಕಟ್ಟಿ, ಅಟ್ಟದ ನೆಲದಲ್ಲಿದ್ದ ಕಿಂಡಿಯಿಂದ ಮೇಲಕ್ಕೆಳೆಯುತ್ತಿದ್ದರು. ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಶುರುವಾದ ಮೇಲೆ ಕಬ್ಬೆಲ್ಲ ಅತ್ತ ಹೋಗತೊಡಗಿ ಅಟ್ಟ ಖಾಲಿ ಬಿದ್ದಿತ್ತು.

ನರ್ಸಮ್ಮ ಹೆರಿಗೆ ಮಾಡಿಸಲು ಸರ್ಕಾರಿ ಆಸ್ಪತ್ರೆಗೆ ಬಂದವರು. ಮೂವತ್ತರ ಆಚೀಚೆಯ ವಯಸ್ಸು. ಗಂಡ ಇರಲಿಲ್ಲ, ಎಂಟು ವರ್ಷದ ಮಗಳು ಮೈಸೂರಿನ ಹಾಸ್ಟೆಲಿನಲ್ಲಿದ್ದಳು. ಎಲ್ಲ ಕೇರಿಯ ಬಾಣಂತಿಯರನ್ನೂ ಮುಟ್ಟುವವರೆಂದು ಊರಿನಲ್ಲಿ ಯಾರೂ ಅವರಿಗೆ ಮನೆ ಬಾಡಿಗೆಗೆ ಕೊಡಲಿಲ್ಲ. ನೋವು ಕಾಣಿಸಿಕೊಂಡಾಗ ಮಾತ್ರ ಗಾಡಿ ಕಟ್ಟಿಕೊಂಡು ಅವರ ಬಳಿಗೇ ಓಡುತ್ತಿದ್ದರು. ಆಸ್ಪತ್ರೆಯ ಔಷಧಿ ಕೋಣೆಯಲ್ಲೇ ಅವರು ಮಲಗುತ್ತಿದ್ದದ್ದು. ಅಲ್ಲಿ ಮಗುವನ್ನು ಇಟ್ಟುಕೊಳ್ಳುವಂತಿರಲಿಲ್ಲ. ಮಗಳನ್ನು ಕರೆಸಿಕೊಳ್ಳಲು ಅವರಿಗೊಂದು ಮನೆ ಬೇಕಿತ್ತು. ಬೇರೇನನ್ನೂ ಅವರು ಯಾರಲ್ಲೂ ಕೇಳಿದ್ದನ್ನು ನಾನು ಕಾಣೆ.

ನನ್ನ ಅಕ್ಕನ ಕಷ್ಟದ ಹೆರಿಗೆ ಅವರ ಕೈಯಲ್ಲಿ ಸುಖವಾಗಿ ಆದ ಮೇಲೆ ಅಪ್ಪ ಅಟ್ಟವನ್ನು ಕೊಡಲು ಒಪ್ಪಿದರು. ಆದರೆ ಆಕ್ಷೇಪಣೆ ಎತ್ತಿದವರಿಗೆಲ್ಲ, ‘ಮನೆ ಅಲ್ಲ ಕಣ್ರಯ್ಯ, ಅಟ್ಟ ಕೊಟ್ಟಿವ್ನಿ’ ಎನ್ನುತ್ತಿದ್ದರು. ಮೈಲಿಗೆ ಮನೆಗೆ ತಟ್ಟೀತು, ಅಟ್ಟಕ್ಕೆ ತಟ್ಟದು ಎಂದು ಅವರ ಸಮಾಧಾನ.

ನರ್ಸಮ್ಮನಿಗೆ ಆ ಮಾತು ಕೇಳಿದರೇ ಆಗದು. ‘ಅಟ್ಟದಲ್ಲಿರೋಕೆ ನಾನೇನು ಪಾರಿವಾಳಾನಾ, ಗೌಡ್ರೇ?’ ಎಂದು ಮುಖಕ್ಕೇ ಕೇಳಿಬಿಟ್ಟಿದ್ದರು.

ಅವರೇ ಖರ್ಚು ಹಾಕಿ ಒಬ್ಬ ಬಡಗಿ ಸಾಬರನ್ನು ಹಿಡಿದರು. ಏಣಿ ಹೋಗಿ ಕಟಕಟೆಯ ಮೆಟ್ಟಿಲು ಬಂತು. ಒಲೆಗೆ ಹೊಗೆಗೂಡು, ಮಧ್ಯೆ ಹಲಗೆಯ ಗೋಡೆ, ಸ್ಟೇಷನ್ ಕಡೆಯ ಗೋಡೆ ಒಡೆದು ಒಂದು ಕಿಟಕಿ. ಕಿಟಕಿಗೆ ನೀಲಿ ಬಣ್ಣ. ಮಗಳು ಕಾಗದದಲ್ಲಿ ಕೇಳಿದ್ದಳಂತೆ. ಮಗು ಬಿದ್ದೀತೆಂದು ನೆಲದ ಕಿಂಡಿಯನ್ನು ತಾವೇ ಮುಂದೆ ನಿಂತು ಮುಚ್ಚಿಸಿದರು. ಸಾಬರು ಬೆವರೊರೆಸಿಕೊಂಡು ಹೇಳಿದರು: ‘ಈ ಹಲಗೆ ಎಷ್ಟು ಬೆಲ್ಲ ಕುಡ್ದದೆ ಅಂದ್ರೆ ಅಮ್ಮಾ, ಗರಗಸ ತೊಳೆದ ನೀರಲ್ಲಿ ಪಾಯಸ ಮಾಡ್ಬೋದು.’

‘ನೀವು ಮಾಡಿ ಕುಡೀರಿ ಸಾಬರೇ, ಆಮೇಲೆ ಔಷಧಿ ನಾನು ಕೊಡ್ತೀನಿ.’

ಅಷ್ಟೆಲ್ಲ ಆದರೂ ನೆಲ ಮಾತ್ರ ಅಂಟುತ್ತಿತ್ತು. ಅಂಗಾಲು ಎತ್ತಿದರೆ ಪಟ್ಟೆನ್ನುತ್ತಿತ್ತು. ಇರುವೆಯೋ ಇರುವೆ. ಮಗಳು ಶನಿವಾರದ ರೈಲಿಗೆ ಬರುವವಳಿದ್ದಳು. ನಾನು ಕಾಲೇಜಿಗೆ ರಜವೆಂದು ಊರಿಗೆ ಬಂದಿದ್ದೆ, ರಸಾಯನಶಾಸ್ತ್ರದ ವಿದ್ಯಾರ್ಥಿ. ಗುರುವಾರ ಮೆಟ್ಟಿಲ ಬಳಿ ಸಿಕ್ಕಾಗ ಅವರು ತಮಾಷೆಯಾಗಿಯೇ ಕೇಳಿದರು: ‘ಏನು ಕಾಲೇಜಪ್ಪ, ಈ ಅಂಟು ಬಿಡಿಸೋಕೆ ನಿಮ್ಮ ಪುಸ್ತಕದಲ್ಲಿ ಏನಾದ್ರೂ ಇದೆಯಾ?’

‘ಕುದಿಯೋ ನೀರು ಹಾಕಿ ಉಜ್ಜಿ. ಬೆಲ್ಲ ಕರಗಿ ಬಂದುಬಿಡುತ್ತೆ.’

‘ಕೆಳಗೆ ಸೋರಲ್ವಾ? ಮೂಟೆ ಇಟ್ಟಿದಾರೆ.’

‘ಸಂದಿಯೆಲ್ಲ ಬೆಲ್ಲ ಕಟ್ಟಿ ಮುಚ್ಚಿಹೋಗಿದೆ. ಒಂದು ಹನಿಯೂ ಇಳಿಯಲ್ಲ.’

ಸಂದಿ ಮುಚ್ಚಿರುವುದು ಬೆಲ್ಲವೇ ಎಂದವನು ನಾನು. ಕುದಿಯುವ ನೀರಿಗೆ ಅದು ಕರಗುತ್ತದೆ ಎಂದವನೂ ನಾನೇ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದವನಿಗೆ ಎರಡನ್ನೂ ಕೂಡಿಸಿ ನೋಡಲು ಬರಲಿಲ್ಲ.

ಶುಕ್ರವಾರ ಬೆಳಿಗ್ಗೆ ಹಮಾಲಿ ಕೂಗಿದ: ‘ಬುದ್ದೀ, ಮ್ಯಾಲಿಂದ ಕಾಫಿ ಸುರೀತಾ ಅದೆ, ಓಡ್ಬನ್ನಿ!’ ಹಲಗೆಗಳ ಸಂದಿ ಸಂದಿಯಿಂದ ಕಂದು ನೀರು ಮೂಟೆಗಳ ಮೇಲೆ ಧಾರೆಯಾಗಿ ಇಳಿಯುತ್ತಿತ್ತು. ಮದುವೆಗೆ ಬೆಲ್ಲ ಆರಿಸುತ್ತಿದ್ದ ಗಿರಾಕಿಯೊಬ್ಬ ಮೂಟೆಯಿಂದ ಕೈ ಕಿತ್ತುಕೊಂಡ. ‘ಬಾಣಂತಿ ಮೈಲಿಗೆ ತೊಳ್ದ ನೀರು ಕಣಪ್ಪ. ಇದ್ನ ದ್ಯಾವ್ರ ಮುಂದೆ ಇಕ್ಕಾದಾ?’ ಮಧ್ಯಾಹ್ನದ ಹೊತ್ತಿಗೆ ಅದು ಪೇಟೆಯಲ್ಲೆಲ್ಲ ಹಬ್ಬಿತ್ತು.

ಅಪ್ಪ ಮೆಟ್ಟಿಲೇರಿದರು, ಹಿಂದೆ ನಾನು. ನರ್ಸಮ್ಮ ಸೆರಗು ಸಿಕ್ಕಿಸಿ, ಪೊರಕೆ ಹಿಡಿದು ನಿಂತಿದ್ದರು. ಉಜ್ಜಿದಷ್ಟು ನೆಲ ಹೊಸ ಮರದಂತೆ ಬೆಳ್ಳಗಾಗಿತ್ತು.

‘ಯಾರಮ್ಮ ನಿಮ್ಗೆ ನೀರು ಉಯ್ಯಿ ಅಂದೋರು?’

‘ಯಾರೂ ಇಲ್ಲ. ನನಗೇ ತೋಚ್ತು.’

ಹಾಗೆನ್ನುವಾಗ ಅವರು ನನ್ನ ಕಡೆ ನೋಡಿದರು ಎಂದು ಬಹಳ ವರ್ಷ ನಂಬಿಕೊಂಡಿದ್ದೆ. ಈಗ ಅನ್ನಿಸುತ್ತದೆ, ನೋಡಲಿಲ್ಲ. ನಾನು ಬಾಯಿ ಬಿಡಲೆಂದು ಒಂದು ಗಳಿಗೆ ಕಾದರೇ? ಅದೂ ಗೊತ್ತಿಲ್ಲ. ಬಾಯಿ ಬಿಡಲಿಲ್ಲ ಎನ್ನುವುದೊಂದು ಗೊತ್ತು.

ಅಪ್ಪ ಕೆಟ್ಟವರಲ್ಲ. ದನಿ ತಗ್ಗಿಸಿಯೇ ಹೇಳಿದರು: ‘ಬೆಲ್ಲನಾದ್ರೆ ಇನ್ನೊಂದ್ಸಲ ಕಾಸ್ಬೋದು. ಊರೋರ ಬಾಯ ಕಾಸಕ್ಕಾಯ್ತದಾ? ನಾಳೆ ಖಾಲಿ ಮಾಡ್ಬುಡಿ, ತಾಯಿ.’ ಮಗ ಹೇಳಿದ್ದೆಂದು ತಿಳಿದಿದ್ದರೆ ಊರನ್ನು ಎದುರು ಹಾಕಿಕೊಳ್ಳುತ್ತಿದ್ದರೋ ಏನೋ. ಅಕ್ಕನ ಋಣವೂ ಇತ್ತು... ಅಥವಾ ಹಾಗೆ ಅಂದುಕೊಳ್ಳುವುದು ನನ್ನನ್ನು ನಾನೇ ಇನ್ನಷ್ಟು ದೊಡ್ಡ ಅಪರಾಧಿಯಾಗಿ ಮಾಡಿಕೊಳ್ಳುವ ಚಟವೋ?

ಮಗಳ ಪ್ರಯಾಣ ತಡೆಯಲು ಹೊತ್ತಿರಲಿಲ್ಲ. ಶನಿವಾರ ನರ್ಸಮ್ಮ ಟ್ರಂಕಿನೊಂದಿಗೆ ಸ್ಟೇಷನ್ನಿನಲ್ಲಿದ್ದರು; ಹೊತ್ತುಕೊಟ್ಟವನು ನಾನು, ಪ್ರಾಯಶ್ಚಿತ್ತವೆಂಬಂತೆ. ಮಗಳು ಇಳಿಯಬೇಕಾದ ರೈಲನ್ನು ತಾಯಿ ಹತ್ತಿದರು. ಬೆಂಗಳೂರಿಗೆ ಹೋಗಿ ಬೇರೆ ಊರಿಗೆ ವರ್ಗ ಕೇಳಿಕೊಳ್ಳುತ್ತೇನೆ ಎಂದಿದ್ದರು. ಎರಡು ಜಡೆಯ ಹುಡುಗಿ ಡಬ್ಬಿಯ ಕಿಟಕಿಯಿಂದ ಕೈ ಚಾಚಿ ಕೇಳಿದಳು: ‘ಅಮ್ಮಾ, ಆ ನೀಲಿ ಕಿಟಕಿ ನಮ್ದಾ?’ ಅವರು ಏನೆಂದರೋ... ರೈಲು ಕೂಗಿತು.

ಅಪ್ಪ ಹೋದ ವರ್ಷ ತೀರಿಕೊಂಡರು. ಅವರಿಗೆ ಹೇಳಲಿಲ್ಲ. ನರ್ಸಮ್ಮ ಎಲ್ಲಿದ್ದಾರೆಂದು ಆಸ್ಪತ್ರೆಯಲ್ಲಿ ವಿಚಾರಿಸಿದೆ. ಈಗಿರುವವರಿಗೆ ಯಾರಿಗೂ ತಿಳಿಯದು. ಕಳೆದ ತಿಂಗಳು ಊರಿಗೆ ಹೋದಾಗ ಮಂಡಿಯ ಮೆಟ್ಟಿಲು ಹತ್ತಿದೆ. ಅಲ್ಲೀಗ ರೈಲ್ವೆ ಗುಮಾಸ್ತರ ಸಂಸಾರವಿದೆ. ಅವರ ಹೆಂಡತಿ ಕುಡಿಯಲು ನೀರು ಕೊಟ್ಟು, ಮನೆಯೆಲ್ಲ ಸುತ್ತಿ ತೋರಿಸಿದರು.

‘ಗಾಳಿ ಬೆಳಕು ಎಷ್ಟು ಚೆನ್ನಾಗಿದೆ ನೋಡಿ. ಯಾರೋ ಮನಸ್ಸಿಟ್ಟು ಮಾಡಿಸಿದಾರೆ. ಯಾರು ಮಾಡಿಸಿದ್ದು?’

‘ನಮ್ಮಪ್ಪ,’ ಎಂದೆ.