ಪದ್ಮಯ್ಯನವರ ಗಾಡಿಗೆ ಹಾಕಿದ ಲೈಟು

ಇಂಥ ಕಥೆ ಹೇಳುವವರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಹುಣಸೆಮರದ ಹತ್ತಿರ ಬೈಕು ತಾನಾಗಿ ನಿಂತುಹೋಯಿತು ಎಂದು ಯಾರಾದರೂ ಅಂಗಡಿಗೆ ಬಂದರೆ ಮೊದಲು ಪ್ಲಗ್ ಬಿಚ್ಚಿ ನೋಡುತ್ತಿದ್ದೆ. ಮಸಿ ಕಟ್ಟಿರುತ್ತಿತ್ತು. ಒರೆಸಿ ಹಾಕಿ, ತಗೊಳ್ಳಿ, ನಿಮ್ಮ ದೆವ್ವ ಬಿಡಿಸಿದ್ದೀನಿ ಎಂದು ಕಳಿಸುತ್ತಿದ್ದೆ. ಈಗಲೂ ಹಾಗೇ ಕಳಿಸುತ್ತೇನೆ. ಆದರೆ ನಾಲ್ಕು ವರ್ಷದ ಹಿಂದೆ ಒಂದು ಸಂಜೆ ನನ್ನ ಕಣ್ಣೆದುರು ನಡೆದದ್ದನ್ನು ಯಾರಾದರೂ ಹಗುರಾಗಿ ತಳ್ಳಿಹಾಕಿದರೆ ಜಗಳಕ್ಕೇ ನಿಲ್ಲುತ್ತೇನೆ. ಮೊದಲೇ ಹೇಳಿಬಿಡುತ್ತೇನೆ, ನಂಬಿ ಎಂದು ಬೇಡಿಕೊಳ್ಳಲು ಇದನ್ನು ಬರೆಯುತ್ತಿಲ್ಲ.

ನಾನು ಚನ್ನರಾಯಪಟ್ಟಣದಲ್ಲಿ ಗಾಡಿಗಳ ವೈರಿಂಗ್ ಕೆಲಸ ಮಾಡುವವಳು. ಹುಟ್ಟಿದ್ದು ಹಳ್ಳಿಮೈಸೂರಿನಲ್ಲಿ, ಕೆಲಸ ಕಲಿತದ್ದು ಹೊಳೆನರಸೀಪುರದಲ್ಲಿ ಸೋದರಮಾವನ ಅಂಗಡಿಯಲ್ಲಿ. ಹೆಂಗಸು ಮೀಟರ್ ಹಿಡಿದು ಕೂತಿರುವುದನ್ನು ನೋಡಿ "ಮೇಸ್ತ್ರಿ ಇಲ್ವಾ?" ಎಂದು ಕೇಳುವವರು ಇವತ್ತಿಗೂ ಇದ್ದಾರೆ. ಇದ್ದಾರೆ, ಹೇಳಿ ಎಂದು ಅವರ ಕಡೆ ತಿರುಗಿ ಕೂರುತ್ತೇನೆ. ಮಾವನ ಅಂಗಡಿಯಲ್ಲಿ ಒಮ್ಮೆ ಅರ್ಧ ವೈರಿಂಗ್ ಆಗಿದ್ದ ಜೀಪನ್ನು ಗಿರಾಕಿ ಅವಸರಕ್ಕೆ ತಗೊಂಡು ಹೋಗಿ ಲೈಟು ಹಾಕಿದ್ದ. ವೈರು ಕಾದು ಜೀಪು ಸುಟ್ಟುಹೋಯಿತು. ಅಂದಿನಿಂದ ಮಾವ ಒಂದು ಕಟ್ಟಳೆ ಮಾಡಿದರು. "ಕೆಲ್ಸ ಮುಗೀದಿರೋ ಗಾಡಿ ಆಚಿಗ್ ಓಯ್ತು ಅಂದ್ರೆ ಅದ್ರ ಫ್ಯೂಸು ನಿನ್ ಜೇಬಲ್ಲಿರ್ಬೇಕು ಕಣಮ್ಮಿ" ಎನ್ನುತ್ತಿದ್ದರು. ಫ್ಯೂಸ್ ಇಲ್ಲದಿದ್ದರೆ ಬ್ಯಾಟರಿಯ ಕರೆಂಟು ಮುಂದಕ್ಕೆ ಹೋಗುವುದಿಲ್ಲ, ಯಾರು ಯಾವ ಸ್ವಿಚ್ ಒತ್ತಿದರೂ ಅಪಾಯವಿಲ್ಲ. ಈ ಕಟ್ಟಳೆಯನ್ನು ನಾನು ಒಂದು ದಿನವೂ ಮುರಿದಿಲ್ಲ. ಚೂಡಿದಾರದ ಮೇಲೆ ಹಾಕಿಕೊಳ್ಳುವ ಖಾಕಿ ಅಂಗಿಗೆ ಗುಂಡಿ ಇರುವ ಜೇಬು ಹೊಲಿಸಿಕೊಂಡದ್ದೇ ಅದಕ್ಕಾಗಿ.

ಪದ್ಮಯ್ಯನವರು ಶ್ರವಣಬೆಳಗೊಳದ ದಾರಿಯಲ್ಲಿ ತೆಂಗಿನ ತೋಟ ಇಟ್ಟುಕೊಂಡಿರುವ ಜೈನರು, ಎಪ್ಪತ್ತು ದಾಟಿದ ಹಿರಿಯರು. ಮಂಡಿನೋವಿನಿಂದ ತೋಟದ ಉದ್ದಕ್ಕೂ ನಡೆಯಲಾರರೆಂದು ಮಗ ಅಜಿತ ಅವರಿಗೆ ಒಂದು ಎಟಿವಿ ತಂದುಕೊಟ್ಟಿದ್ದ. ನಾಲ್ಕು ದಪ್ಪ ಚಕ್ರ, ಬೈಕಿನ ಹ್ಯಾಂಡಲ್ಲು, ಕೆಸರು ಕಲ್ಲು ಯಾವುದನ್ನೂ ಲೆಕ್ಕಿಸದ ಗಾಡಿ. ಹೊತ್ತು ಮುಳುಗುವ ಮೊದಲೇ ಊಟ ಮುಗಿಸಿ, ತೋಟದ ಕೊನೆಯ ತನಕ ಹೋಗಿ ನೀರು ನೋಡಿಕೊಂಡು ಬರುವುದು ಅವರ ರೂಢಿ. ಬರುವಾಗ ಕತ್ತಲಾಗಿರುತ್ತಿತ್ತು.

ಅವರಿಗೆ ದೊಡ್ಡ ಲೈಟು ಬೇಕಾಗಿದ್ದ ಕಾರಣ ಕೇಳಿ ನಾನು ಸ್ಕ್ರೂಡ್ರೈವರ್ ಕೆಳಗಿಟ್ಟೆ. "ಮಳೆಗಾಲ್ದಲ್ಲಿ ದಾರಿ ತುಂಬಾ ಕಪ್ಪೆ, ಬಸವನ್ ಹುಳ ಕಣಮ್ಮ. ಈ ಹಳ್ದಿ ಬೆಳಕಲ್ಲಿ ನನ್ ಕಣ್ಗೆ ಕಾಣದೇ ಇಲ್ಲ. ಚಕ್ರದ್ ಅಡಿಗೆ ಬಂದ್ಮೇಲೆ ಗೊತ್ತಾಗಿ ಏನ್ ಬಂತು?" ಎಂದರು. ಊರಲ್ಲಿ ಎದುರಿನವರ ಕಣ್ಣು ಕುಕ್ಕಲೆಂದೇ ಲೈಟು ಹಾಕಿಸುವವರನ್ನು ನೋಡಿ ಸಾಕಾಗಿದ್ದ ನನಗೆ ಆ ಮಾತು ಹಿಡಿಸಿಬಿಟ್ಟಿತು.

ಹಳೆಯ ಬಲ್ಬುಗಳನ್ನು ತೆಗೆದು ಎರಡು ದೊಡ್ಡ ಎಲ್‌ಇಡಿ ಲೈಟು ಕೂರಿಸಿದೆ. ಅಷ್ಟು ದೊಡ್ಡ ಲೈಟಿನ ಭಾರವನ್ನು ಆ ಗಾಡಿಯ ಸಣ್ಣ ಸ್ವಿಚ್ಚು ಹೊರಲಾರದು, ಅರ್ಧ ಇಂಚಿನ ಪೈಪಿಗೆ ಬೋರ್‌ವೆಲ್ ಮೋಟಾರು ಕಟ್ಟಿದ ಹಾಗಾಗುತ್ತದೆ. ಅದಕ್ಕೆ ಬ್ಯಾಟರಿಯಿಂದ ನೇರವಾಗಿ ದಪ್ಪ ವೈರು ಎಳೆದು, ನಡುವೆ ಒಂದು ಫ್ಯೂಸು ಮತ್ತು ಒಂದು ರಿಲೇ ಹಾಕಬೇಕು. ಸ್ವಿಚ್ ಒತ್ತಿದಾಗ ದಪ್ಪ ವೈರನ್ನು ಕೂಡಿಸುವುದು ಆ ರಿಲೇಯ ಕೆಲಸ. ನನ್ನ ಹತ್ತಿರ ಇದ್ದ ರಿಲೇ ಕೆಟ್ಟಿತ್ತು. ಹಾಸನದಿಂದ ಹೊಸದು ಬರಬೇಕಿತ್ತು. ಗಾಡಿಯನ್ನು ಅಂಗಡಿಯಲ್ಲೇ ಬಿಡಿ ಎಂದರೆ, ಬೆಳಿಗ್ಗೆ ಕಾಯಿ ಸಾಗಿಸಬೇಕು ಎಂದರು. ರಿಲೇ ಕೂರುವ ಜಾಗದ ವೈರುಗಳಿಗೆ ಒಂದೊಂದಾಗಿ ಟೇಪು ಸುತ್ತಿದೆ. ಎಂಜಿನ್ನಿನ ವೈರಿಂಗ್ ಬೇರೆ, ಹಾಗಾಗಿ ಲೈಟಿನ ಫ್ಯೂಸ್ ಮಾತ್ರ ಕಿತ್ತು ಜೇಬಿಗೆ ಹಾಕಿ ಗುಂಡಿ ಹಾಕಿಕೊಂಡೆ. ಫ್ಯೂಸೂ ಇಲ್ಲ, ರಿಲೇಯೂ ಇಲ್ಲ, ಲೈಟಿಗೆ ಕರೆಂಟು ಹೋಗುವ ದಾರಿ ಎರಡು ಕಡೆ ಕಡಿದಿತ್ತು.

"ಹಗಲು ಮಾತ್ರ ಓಡಿಸಿ ಯಜಮಾನ್ರೇ. ಸ್ವಿಚ್ ಮುಟ್ಬೇಡಿ."

"ಇಲ್ಲ ಕಣಮ್ಮ, ಮುಟ್ಟಲ್ಲ" ಎಂದು ಹೇಳಿ ಹೋದರು.

ಮಾರನೆಯ ದಿನ ಸಂಜೆ ಹಾಸನದ ಬಸ್ಸಿನಲ್ಲಿ ರಿಲೇ ಬಂತು. ಇವತ್ತೇ ಬಂದು ಮುಗಿಸಿಕೊಡುತ್ತೇನೆ ಎಂದು ಫೋನ್ ಮಾಡಿ, ಸ್ಕೂಟರ್ ಹತ್ತಿದೆ. ಹೊರಟಾಗ ಚೆನ್ನಾಗಿ ಬೆಳಕಿತ್ತು. ಟಾರು ರಸ್ತೆ ಬಿಡುವ ಹೊತ್ತಿಗೆ ಮೋಡ ಕವಿದು, ಮಳೆ ಹಿಡಿದು, ಸುತ್ತಲ ಕರೆಂಟೂ ಹೋಯಿತು. ಕೆಸರಿನಲ್ಲಿ ಸ್ಕೂಟರ್ ಜಾರತೊಡಗಿದ್ದರಿಂದ ಅದನ್ನು ಒಂದು ಮರದ ಕೆಳಗೆ ನಿಲ್ಲಿಸಿ ನಡೆದೆ. ಮೊಬೈಲು ನೆನೆಯದಿರಲೆಂದು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಒಳಗಿಟ್ಟಿದ್ದೆ. ಪೂರ್ತಿ ಕತ್ತಲಾಗಿದ್ದರೂ ಗೊತ್ತಿದ್ದ ದಾರಿ, ಮುಂದೆ ನಾಲೆಯ ಮೇಲೊಂದು ಮೋರಿ, ಅದು ದಾಟಿದರೆ ತೋಟ. ಆ ಮಧ್ಯಾಹ್ನ ನೀರಿನ ರಭಸಕ್ಕೆ ಮೋರಿಯ ಚಪ್ಪಡಿ ಕುಸಿದುಬಿದ್ದದ್ದು ನನಗೆ ಗೊತ್ತಿರಲಿಲ್ಲ. ಕೆಸರಲ್ಲಿ ನಾನು ಸಿಕ್ಕಿಕೊಳ್ಳುತ್ತೇನೆಂದು, ಒಂದು ಕೈಯಲ್ಲಿ ಮಂಕು ಟಾರ್ಚು ಹಿಡಿದು, ಗಾಡಿ ಓಡಿಸಿಕೊಂಡು ಎದುರಿಗೆ ಬರುತ್ತಿದ್ದ ಪದ್ಮಯ್ಯನವರಿಗೂ ಗೊತ್ತಿರಲಿಲ್ಲ.

ಎಂಜಿನ್ನಿನ ಸದ್ದು ಕೇಳಿ, ಅವರೇ ಬಂದರಲ್ಲ ಎಂದು ನಾನು ನಡಿಗೆ ಬಿರುಸು ಮಾಡಿದೆ. ಆಗ ಲೈಟು ಹತ್ತಿತು. ಎರಡು ಬಿಳಿಯ ಲೈಟು, ನನ್ನ ಎದೆಯ ಮಟ್ಟಕ್ಕೆ, ನೇರವಾಗಿ. ನನ್ನ ಪಾದದಿಂದ ಎರಡು ಹೆಜ್ಜೆ ಮುಂದೆ ನೆಲವೇ ಇರಲಿಲ್ಲ. ಕೆಳಗೆ ಕೆಂಪು ನೀರು ಭೋರ್ಗರೆಯುತ್ತಿತ್ತು. ಮುರಿದ ಚಪ್ಪಡಿಯಿಂದ ಕಂಬಿಗಳು ಹೊರಚಾಚಿದ್ದವು. ಆಚೆ ಅಂಚಿನಲ್ಲಿ ಒಂದು ಕಪ್ಪೆ ಕೂತಿತ್ತು, ಅದರ ಗಂಟಲು ಆಡುತ್ತಿದ್ದದ್ದು ಕೂಡ ಕಂಡಿತು. ಅದರ ಹಿಂದೆ ಒಂದು ಮಾರು ದೂರದಲ್ಲಿ ಗಾಡಿ ಗಕ್ಕನೆ ನಿಂತಿತು.

ಮಿಂಚು ಇರಬೇಕು ಎನ್ನುವವರಿಗೆ ಹೇಳುತ್ತೇನೆ, ಕಪ್ಪೆಯ ಗಂಟಲು ನೋಡುವಷ್ಟು ಹೊತ್ತು ಯಾವ ಮಿಂಚೂ ನಿಲ್ಲುವುದಿಲ್ಲ. ಲೈಟು ಉರಿಯುತ್ತಲೇ ಇತ್ತು. ಪ್ರಾಣ ಉಳಿಯಿತೆಂದು ನನಗೆ ಹೊಳೆಯುವ ಮೊದಲು ವೈರು ಸುಟ್ಟುಹೋಗುತ್ತದೆ ಎಂಬ ಭಯ ಹೊಳೆಯಿತು, ಕಸುಬಿನ ಬುದ್ಧಿ. "ಆರ್ಸಿ! ಲೈಟ್ ಆರ್ಸಿ ಯಜಮಾನ್ರೇ!" ಎಂದು ಎರಡು ಸಲ ಕಿರುಚಿದೆ. ಆರಿತು. ಕತ್ತಲಲ್ಲಿ ಕೈ ತಾನಾಗಿ ಜೇಬಿಗೆ ಹೋಯಿತು. ಗುಂಡಿ ಹಾಕಿದ ಹಾಗೇ ಇತ್ತು, ಒಳಗೆ ಫ್ಯೂಸೂ ಇತ್ತು.

ನಡುವೆ ನಾಲೆ, ಈಚೆ ನಾನು, ಆಚೆ ಅವರು. ಭಯಕ್ಕೋ ಸಿಟ್ಟಿಗೋ ಬಾಯಿಗೆ ಬಂದ ಹಾಗೆ ಬೈದೆ. ಮಾತು ಕೊಟ್ಟು ಸ್ವಿಚ್ ಒತ್ತಿದಿರಲ್ಲ, ಗಾಡಿ ಹೊತ್ತಿಕೊಂಡಿದ್ದರೆ ನನ್ನ ಗತಿ ಏನು ಎಂದು ಆ ಹಿರಿಯ ಜೀವದ ಮೇಲೆ ಕೂಗಾಡಿದೆ. ಅವರು "ಉಷಾರಾಗ್ ಮನೆಗೋಗಮ್ಮ" ಎಂದಷ್ಟೇ ಹೇಳಿ, ಗಾಡಿಯನ್ನು ಅಲ್ಲೇ ಬಿಟ್ಟು ಟಾರ್ಚು ಹಿಡಿದು ನಡೆದರು.

ಬೆಳಿಗ್ಗೆ ಸುತ್ತುದಾರಿಯಲ್ಲಿ ಹೋಗಿ ಅಜಿತನ ಎದುರಿಗೇ ಗಾಡಿ ಬಿಚ್ಚಿದೆ. ಫ್ಯೂಸ್ ಇರುವ ಜಾಗ ಖಾಲಿ. ರಿಲೇ ಜಾಗ ಖಾಲಿ. ಟೇಪಿನ ತುದಿಯನ್ನು ಒಳಮಡಿಸಿ ಒತ್ತುವುದು ನನ್ನ ಕೈಯ ರೀತಿ, ಒಂದು ಮಡಿಕೆಯೂ ಕದಲಿರಲಿಲ್ಲ. ವೈರು ಕಾದ ಗುರುತಿಲ್ಲ, ವಾಸನೆಯಿಲ್ಲ. ಸ್ವಿಚ್ ಒತ್ತಿ, ಎಂಜಿನ್ ಶುರುಮಾಡಿ, ಗಾಡಿಯನ್ನು ಅಲ್ಲಾಡಿಸಿ, ವೈರುಗಳ ಮೇಲೆ ನೀರು ಹಾಕಿ ನೋಡಿದೆ. ಲೈಟು ಹತ್ತಲಿಲ್ಲ. ಆಮೇಲೆ ರಿಲೇ ಹಾಕಿ, ಫ್ಯೂಸ್ ಹಾಕಿ ಕೆಲಸ ಮುಗಿಸಿದೆ. ಆಗ ಹತ್ತಿತು.

"ಇನ್ನೊಂದ್ ಫ್ಯೂಸ್ ಆಕಿ ಮರ್ತಿರ್ತೀರ ಬುಡಿ ಅಕ್ಕ, ಆಮೇಲೆ ಎಲ್ಲೋ ಬಿದ್ದೋಗಿರ್ತದೆ. ಏನೇ ಆಗ್ಲಿ, ಇಬ್ರ ಜೀವ ಉಳಿಸ್ತು ನಿಮ್ ಕೆಲ್ಸ" ಎಂದು ಅಜಿತ ನಕ್ಕ. ಫ್ಯೂಸ್ ಇದ್ದರೂ ರಿಲೇ ಇಲ್ಲದೆ ಲೈಟು ಹತ್ತುವುದಿಲ್ಲ ಎಂದರೂ ಕೇಳದೆ, ಅದನ್ನೇ ಊರೆಲ್ಲ ಹೇಳಿಕೊಂಡು ಬಂದ. ಅರಕಲಗೂಡಿನಿಂದೆಲ್ಲ ಲೈಟು ಹಾಕಿಸಲು ಜನ ಬಂದರು. ನನಗೆ ಆ ಹೊಗಳಿಕೆ ಬೇಡವಾಗಿತ್ತು. ಫ್ಯೂಸ್ ಹಾಕಿ ಮರೆತೆ ಎಂದು ಒಪ್ಪಿದರೆ, ಅರ್ಧ ಕೆಲಸದ ಗಾಡಿಯನ್ನು ಬೆಂಕಿಗೆ ಬಿಟ್ಟವಳು ನಾನೆಂದು ಒಪ್ಪಿದ ಹಾಗೆ. ಒಪ್ಪದಿದ್ದರೆ ತಲೆ ಕೆಟ್ಟವಳು. ಏನು ಮಾಡಿದ್ದೇನೆ, ಏನು ಮಾಡಿಲ್ಲ ಎಂಬ ನನ್ನ ಮಾತಿಗೆ ಬೆಲೆ ಇಲ್ಲವೆಂದರೆ ಈ ಕಸುಬಿನಲ್ಲಿ ನನಗೆ ಬೇರೆ ಏನಿದೆ? ಸ್ವಾಮಿಯೇ ಬೆಳಕು ತೋರಿಸಿದ ಎಂದವರಿಗೂ ನಾನು ತಲೆಯಾಡಿಸಲಿಲ್ಲ. ನಾನು ಕಂಡದ್ದು ಎರಡು ಎಲ್‌ಇಡಿ ಲೈಟು, ನನ್ನ ಕೈಯಿಂದಲೇ ಬಿಗಿದದ್ದು. ಸ್ವಾಮಿಯನ್ನು ಕಾಣಲಿಲ್ಲ.

ಕೊನೆಗೆ ಹೊಳೆನರಸೀಪುರಕ್ಕೆ ಹೋಗಿ ಮಾವನಿಗೆ ಎಲ್ಲ ಹೇಳಿದೆ. ಅವರಾದರೂ ನಂಬುತ್ತಾರೆ ಎಂದುಕೊಂಡಿದ್ದೆ. ಪೂರ್ತಿ ಕೇಳಿಸಿಕೊಂಡು, "ಮನ್ಸ ಅಂದ್ಮೇಲೆ ಮರ್ವು ಇದ್ದಿದ್ದೇ ಕಣಮ್ಮಿ" ಎಂದರು. ಬಸ್ಸಿನಲ್ಲಿ ವಾಪಸು ಬರುವಾಗ ಅತ್ತುಬಿಟ್ಟೆ. ಬೇರೆ ಯಾರು ಹೇಳಿದ್ದರೂ ಅಷ್ಟು ನೋವಾಗುತ್ತಿರಲಿಲ್ಲ.

ಹೋದ ವರ್ಷ ಪದ್ಮಯ್ಯನವರ ಗಾಡಿಗೆ ಹೊಸ ಬ್ಯಾಟರಿ ಕೂರಿಸಲು ಹೋಗಿದ್ದೆ. ಅವರ ಕಣ್ಣು ಪೂರ್ತಿ ಮಂಜಾಗಿ ಗಾಡಿ ಈಗ ಅಜಿತನ ಕೈಗೆ ಬಂದಿದೆ. ಜಗಲಿಯಲ್ಲಿ ಮಜ್ಜಿಗೆ ಕೊಟ್ಟರು. ನಾನು ತಮಾಷೆಗೆ, "ಅವತ್ತು ನೀವು ಮಾತು ತಪ್ಪಿ ಸ್ವಿಚ್ ಒತ್ತಿದ್ದೇ ಒಳ್ಳೇದಾಯ್ತು ಬಿಡಿ ಯಜಮಾನ್ರೇ" ಎಂದೆ.

ಅವರು ಲೋಟ ಕೆಳಗಿಟ್ಟರು. "ನಾನು ಸ್ವಿಚ್ ಮುಟ್ಲಿಲ್ಲ ಕಣಮ್ಮ."

"ಮತ್ತೆ ನಾನು ಕೂಗಿದಾಗ ಆರಿಸಿದ್ರಲ್ಲ?"

"ಒಂದ್ ಕೈಲಿ ಟಾರ್ಚು, ಒಂದ್ ಕೈಲಿ ಬ್ರೇಕು. ನಾನ್ ಯಾವ್ ಕೈಲಿ ಆರಿಸ್ಲಿ? ನೀನ್ ಕೂಗ್ದೆ, ಅದು ಆರೋಯ್ತು."

"ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?"

"ನೀನ್ ಕೇಳ್ಲಿಲ್ವಲ್ಲಮ್ಮ. ಒತ್ತಿದ್ರಿ ಅಂತ ಬೈದೆ. ಎದ್ರಿದ್ ಉಡ್ಗಿ ಅಂತ ಸುಮ್ನಾದೆ."

ನನ್ನ ಮುಖಕ್ಕೆ ಹೊಡೆದ ಹಾಗಾಯಿತು. ಒಬ್ಬರೂ ನನ್ನ ಮಾತು ನಂಬಲಿಲ್ಲವೆಂದು ಊರ ಮೇಲೆಲ್ಲ ಸಿಟ್ಟು ಹೊತ್ತು ತಿರುಗಿದವಳು ನಾನು. ಮುಟ್ಟುವುದಿಲ್ಲ ಎಂದು ಮಾತು ಕೊಟ್ಟ ಮನುಷ್ಯನನ್ನು, ಮುಟ್ಟಿದಿರಾ ಎಂದು ಒಂದು ಸಲವೂ ಕೇಳಿರಲಿಲ್ಲ. ಕಾಲು ಮುಟ್ಟಲು ಬಗ್ಗಿದೆ, ಅವರು ಬಿಡಲಿಲ್ಲ.

ಹೇಗೆ ಹತ್ತಿತು ಎಂದು ಕೇಳಿದರೆ ನನಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಿಲ್ಲ ಎನ್ನಲು ನನಗೆ ನಾಚಿಕೆಯೂ ಇಲ್ಲ. ನನ್ನನ್ನು ಮರೆಗುಳಿ ಎನ್ನುವವರು ಎನ್ನಲಿ, ನಾಲ್ಕು ವರ್ಷ ಕೇಳಿ ಅಭ್ಯಾಸವಾಗಿದೆ. ಆದರೆ ಪದ್ಮಯ್ಯನವರು ಸ್ವಿಚ್ ಒತ್ತಿಯೇ ಇರಬೇಕು ಎಂದು ನನ್ನ ಅಂಗಡಿಯಲ್ಲಿ ನಿಂತು ಯಾರಾದರೂ ಹೇಳಿದರೆ, ಅರ್ಧ ಬಿಚ್ಚಿದ ಗಾಡಿಯಾದರೂ ಸರಿ, ಅಲ್ಲಿಗೇ ಕೈ ಒರೆಸಿಕೊಂಡು, ಬೇರೆ ಕಡೆ ತಗೊಂಡು ಹೋಗಿ ಮಾಡಿಸ್ಕೊಳ್ಳಿ ಎನ್ನುತ್ತೇನೆ.